ಸುಟ್ಟ ಮಣ್ಣಿನಲ್ಲಿ ದಾನಿಗಳ ನೆನಪು

ಅಂಗದಾನಿಗಳ ಸ್ಮರಣೆಗಾಗಿ ಆಸ್ಪತ್ರೆಯ ಗೋಡೆಯ ಮೇಲೆ ರೂಪಿಸುವ ಕಲಾಕೃತಿಗೆ ಸೆರಾಮಿಕ್‌ನಷ್ಟು ಒಪ್ಪುವ ಮಾಧ್ಯಮ ಅಪರೂಪ. ಜೇಡಿಮಣ್ಣನ್ನು ಎಲೆ, ಹೂವು, ಹಕ್ಕಿಗಳಾಗಿ ತಿದ್ದಿ, ನಿಧಾನವಾಗಿ ಒಣಗಿಸಿ, ಗೂಡಿನಲ್ಲಿ ಒಮ್ಮೆ ಸುಡುತ್ತಾರೆ. ಗಾಜಿನಂಥ ಮೆರುಗು ಬಳಿದು ಮತ್ತೊಮ್ಮೆ ಸುಡುತ್ತಾರೆ. ಗಟ್ಟಿ ಸ್ಟೋನ್‌ವೇರ್‌ಗೆ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೀಗೆ ಬೆಂದ ಬಣ್ಣ ಸುಲಭಕ್ಕೆ ಮಾಸದು; ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಅಳಿಯದು. ಮರದ ಚಿತ್ರವಾದರೆ, ಹೊಸ ದಾನಿಯ ಹೆಸರಿನಲ್ಲಿ ಇನ್ನೊಂದು ಎಲೆ ಕೂಡಿಸುತ್ತ ಹೋಗಬಹುದು.

ದಕ್ಷಿಣ ಬೆಂಗಳೂರಿಗೆ ಇಂಥ ನೆನಪು ಹತ್ತಿರದ್ದೇ. 2021ರ ಜೂನ್‌ನಲ್ಲಿ ಜೆ.ಪಿ. ನಗರದಲ್ಲಿ ಬೈಕ್ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ, ಅಷ್ಟು ದೊಡ್ಡ ದುಃಖದ ನಡುವೆಯೂ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಮಿದುಳು ಸಾವನ್ನು ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಇದಕ್ಕೆ ಆಧಾರ 1994ರ ಅಂಗಾಂಗ ಕಸಿ ಕಾಯ್ದೆ. ಬಳಿಕ, ಕಾಯುತ್ತಿರುವವರ ಪಟ್ಟಿಯಂತೆ ಅಂಗಗಳ ಹಂಚಿಕೆಯನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

ಅಂಗ ಯಾರಿಗೆ ಹೋಯಿತೆಂದು ದಾನಿಯ ಮನೆಯವರಿಗೆ ಸಾಮಾನ್ಯವಾಗಿ ತಿಳಿಸುವುದಿಲ್ಲ. ಎದುರು ನಿಂತು ಕೈಮುಗಿಯುವವರು ಯಾರೂ ಇರುವುದಿಲ್ಲ. ಗೋಡೆಯ ಮೇಲಿನ ಒಂದು ಎಲೆಗೆ ಬೆಲೆ ಬರುವುದು ಅಲ್ಲಿ: ಆ ಮನೆಯವರು ಬಂದು, ಮುಟ್ಟಿ, ನಿಲ್ಲಲು ಒಂದು ಜಾಗ ಸಿಗುತ್ತದೆ. ಹೆಸರು ಬರೆಸುವ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಬೇಡವೆಂದವರಿಗೆ ಹೆಸರಿಲ್ಲದ ಎಲೆಯೇ ಸಾಕು. ಜಾಗದ ಆಯ್ಕೆಯೂ ಮುಖ್ಯ. ಗಡಿಬಿಡಿಯ ತುರ್ತು ಚಿಕಿತ್ಸಾ ಘಟಕದ ಬಾಗಿಲಿಗಿಂತ, ಬೆಂಚಿನ ಮೇಲೆ ಕೂತು ನೋಡಬಹುದಾದ ಬೆಳಕಿನ ಪಡಸಾಲೆ ಮೇಲು.