ಹಾರನ್ ಇಲ್ಲದ ದಾರೀಲಿ ಒಂದು ಸುತ್ತು

ಸೈಕಲ್ ಅಂದ ಕೂಡಲೇ ನಿಮಗೇನು ನೆನಪಾಗುತ್ತೆ? ಹೈಸ್ಕೂಲು ತಾನೇ? ಆಮೇಲೆ ಕಾಲೇಜಿಗೆ ಬಸ್ ಪಾಸ್ ಬಂತು, ಮದುವೆ ಆಯ್ತು, ಮಕ್ಕಳಾದವು, ಸ್ಕೂಟಿ ಬಂತು. ಸೈಕಲ್ ಯಾವಾಗ ಕೈಬಿಟ್ಟುಹೋಯಿತೋ ಗೊತ್ತೇ ಆಗಲಿಲ್ಲ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಹಂಚಿತಲ್ಲ, ಅವತ್ತು ಗಂಟೆ ಬಾರಿಸಿಕೊಂಡು ಶಾಲೆಗೆ ಹೋದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಬಹಳಷ್ಟು ಮಂದಿಗೆ ಇವತ್ತು ಮನೆ ಬಿಟ್ಟು ಒಬ್ಬರೇ ಹೋಗುವುದು ಅಂದರೆ ಅಂಗಡಿ, ಆಫೀಸು, ಆಸ್ಪತ್ರೆ, ಅಷ್ಟೇ.

‘ಆಸೆ ಏನೋ ಇದೆ, ಆದರೆ ಈ ಟ್ರಾಫಿಕ್‌ನಲ್ಲಿ ಯಾರ್ರೀ ಸೈಕಲ್ ತುಳೀತಾರೆ?’ ಎನ್ನುತ್ತೀರಾ? ಖಂಡಿತ ನಿಜ. ಹಿಂದಿನಿಂದ ಲಾರಿ ಹಾರನ್ ಹೊಡೆದರೆ ಎಂಥವರ ಕೈಯೂ ನಡುಗುತ್ತೆ. ಹಾಗಾದರೆ ಟ್ರಾಫಿಕ್ ಇಲ್ಲದ ಕಡೆಗೇ ಹೋಗಿ! ನಗರದಿಂದ ಸ್ವಲ್ಪ ದೂರಕ್ಕೆ ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋಗಿ, ಹಳ್ಳಿ ದಾರಿಗೆ ಇಳಿದುಬಿಡಿ. ಎರಡು ಗಂಟೆ ನಿಧಾನವಾಗಿ ತುಳಿದರೆ ಇಪ್ಪತ್ತು ಕಿಲೋಮೀಟರ್ ಆಗುತ್ತೆ. ಮೊದಲ ದಿನಕ್ಕೆ ಅದರಲ್ಲಿ ಅರ್ಧ ಸಾಕು.

ಶ್ರೀರಂಗಪಟ್ಟಣದಿಂದ ಶುರುಮಾಡಿ

ಕಲಿಯುವವರಿಗೆ ಹೇಳಿ ಮಾಡಿಸಿದಂಥ ಜಾಗ ಶ್ರೀರಂಗಪಟ್ಟಣ. ಊರೇ ಒಂದು ದ್ವೀಪ. ಸುತ್ತ ಕಾವೇರಿ, ನೆಲ ಹೆಚ್ಚುಕಡಿಮೆ ಸಮತಟ್ಟು, ಗೇರ್ ಸೈಕಲ್ಲೇ ಬೇಕೆಂದಿಲ್ಲ. ಕೋಟೆಯಿಂದ ಹೊರಟು ದರಿಯಾ ದೌಲತ್ (1784ರಲ್ಲಿ ಕಟ್ಟಿದ್ದು), ಗಂಜಾಂ, ಗುಂಬಜ್ ನೋಡಿಕೊಂಡು ಸಂಗಮದವರೆಗೆ ಹೋಗಿ ಬಂದರೆ ಹೆಚ್ಚೆಂದರೆ ಹತ್ತು ಕಿಲೋಮೀಟರ್. ಆದರೆ ಒಂದು ಮಾತು. ಭಾನುವಾರ, ಅಮಾವಾಸ್ಯೆ, ಪಿತೃಪಕ್ಷದ ದಿನ ಮಾತ್ರ ಬೇಡ. ನಿಮಿಷಾಂಬ ದೇವಸ್ಥಾನಕ್ಕೆ, ಸಂಗಮಕ್ಕೆ ಬರುವ ಕಾರುಗಳ ನಡುವೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಆರೂವರೆಗೆ ಹೋಗಿ ನೋಡಿ, ಬೇರೆಯದೇ ಊರು ಅನ್ನಿಸುತ್ತೆ.

ಇದು ಕೈಗೆ ಹಿಡಿಸಿದ ಮೇಲೆ ಪಾಲಹಳ್ಳಿ ಕಡೆ ತಿರುಗಿ. ರಂಗನತಿಟ್ಟು ಇಲ್ಲೇ ಪಕ್ಕದಲ್ಲಿದೆ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದಾಗ ಹುಟ್ಟಿಕೊಂಡ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ದೋಣಿ ಹತ್ತಿ ಹಕ್ಕಿ ನೋಡುವುದು ಇದ್ದೇ ಇದೆ, ಆದರೆ ನಿಜವಾದ ಮಜಾ ಇರುವುದು ಅಲ್ಲಿಗೆ ಹೋಗುವ ದಾರಿಯಲ್ಲಿ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಕಬ್ಬು, ನಡುವೆ ತೆಂಗಿನ ಸಾಲು. ಈ ಸೀಮೆಯಲ್ಲಿ ಎಲ್ಲಾದರೂ ಆಲೆಮನೆ ನಡೆಯುತ್ತಿದ್ದರೆ ಬಿಸಿಬೆಲ್ಲದ ವಾಸನೆ ಫರ್ಲಾಂಗ್ ದೂರದಿಂದಲೇ ಕರೆಯುತ್ತೆ. ನಿಂತು ಮಾತಾಡಿಸಿ. ‘ಎಲ್ಲಿಗ್ ಹೊಂಟ್ರಕ್ಕಾ ಸೈಕಲ್‌ನಲ್ಲಿ?’ ಅಂತ ಕೇಳಿಯೇ ಕೇಳುತ್ತಾರೆ. ಸುಮ್ಮನೆ ಸುತ್ತೋಕೆ ಅಂದರೆ ನಂಬುವುದಿಲ್ಲ, ಅದು ಬೇರೆ ಮಾತು!

ಇನ್ನೂ ಮುಂದಕ್ಕೆ ಬೆಳಗೊಳದ ಕಡೆ ಸಾಗಿ ಬಲಮುರಿ ತನಕ ಹೋಗಬಹುದು. ಕೆಆರ್‌ಎಸ್‌ವರೆಗೆ ಹೋಗಲೇಬೇಕೆಂಬ ಹಟ ಬೇಡ. ಅಲ್ಲಿ ಮತ್ತೆ ಪ್ರವಾಸಿ ವಾಹನಗಳ ಕಾಟ. ಇನ್ನು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್, ಆಟೋಗಳಿಗೇ ಪ್ರವೇಶವಿಲ್ಲ, ಸೈಕಲ್ ಅಂತೂ ದೂರವೇ ಉಳಿಯಿತು. ಪಕ್ಕದ ಸರ್ವೀಸ್ ರಸ್ತೆಯೂ ಹೊಸಬರಿಗೆ ಹೇಳಿಸಿದ್ದಲ್ಲ.

ನಾಲೆ ಏರಿ: ಚೆಂದ, ಆದರೆ ಜೋಕೆ

ಮಂಡ್ಯ ಸೀಮೆಯ ನಾಲೆ ಏರಿಗಳನ್ನು ನೋಡಿದರೆ ಸೈಕಲ್‌ಗಾಗಿಯೇ ಮಾಡಿದ ಹಾಗಿದೆ. ನೆರಳು, ನೀರಿನ ಸದ್ದು, ಬಹಳ ಹೊತ್ತು ಒಂದೇ ಒಂದು ಗಾಡಿ ಬರುವುದಿಲ್ಲ. ಆದರೆ ಈ ಚೆಂದಕ್ಕೆ ಮರುಳಾಗಿ ಮೈಮರೆಯಬೇಡಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದು ನಿಮಗೆ ನೆನಪಿರಬಹುದು. ಎಷ್ಟೋ ಕಡೆ ತಡೆಗೋಡೆ ಇರುವುದಿಲ್ಲ. ಕಾಂಕ್ರೀಟ್ ಹಾಕಿದ ಇಳಿಜಾರು ಪಾಚಿ ಕಟ್ಟಿರುತ್ತೆ, ನೀರು ಸೆಳೆಯುತ್ತಿರುತ್ತೆ. ಈಜು ಬಂದವರೂ ಹತ್ತಿ ಬರಲು ಪರದಾಡಬೇಕು. ಹಾಗಾಗಿ ನಾಲೆಯ ಕಡೆಗೆ ತುಳಿಯದೆ ಗದ್ದೆಯ ಕಡೆ ಮಗ್ಗುಲಲ್ಲೇ ತುಳಿಯಿರಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಿ. ಮಕ್ಕಳನ್ನು ಕರೆದೊಯ್ಯುವ ದಿನ ನಾಲೆ ದಾರಿಯೇ ಬೇಡ. ಕೈಕಾಲು ತೊಳೆಯೋಣವೆಂದು ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಹಳ್ಳಿ ದಾರಿಯಲ್ಲಿ ಪೇಟೆಯವರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯ ಉಂಟು. ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿ ತೆನೆಯನ್ನು ರಸ್ತೆ ಮೇಲೇ ಹರಡಿರುತ್ತಾರೆ. ಕಾರಿನವರು ಅದರ ಮೇಲೇ ಹೋಗುತ್ತಾರೆ. ಸೈಕಲ್‌ನವರು ಹೋದರೆ ಹುರುಳಿ ಬಳ್ಳಿ ಚೈನಿಗೆ, ಚಕ್ರಕ್ಕೆ ಸುತ್ತಿಕೊಂಡು ಧೊಪ್ಪನೆ ಬೀಳುವುದು ಗ್ಯಾರಂಟಿ. ಇಳಿದು ತಳ್ಳಿಕೊಂಡು ಹೋಗಿ. ನಾಯಿ ಅಟ್ಟಿಸಿಕೊಂಡು ಬಂದರೂ ಅಷ್ಟೇ, ಜೋರಾಗಿ ತುಳಿದಷ್ಟೂ ಅದಕ್ಕೆ ಹುರುಪು. ನಿಧಾನಿಸಿ, ಇಳಿದು, ಸೈಕಲ್ಲನ್ನು ನಿಮ್ಮ ಮತ್ತು ನಾಯಿಯ ನಡುವೆ ಇಟ್ಟುಕೊಂಡು ನಡೆಯಿರಿ. ಅದರ ಬೀದಿ ದಾಟಿದ ಮೇಲೆ ಸಾಮಾನ್ಯವಾಗಿ ತಾನೇ ಸುಮ್ಮನಾಗುತ್ತೆ.

ಯಾವ ಸೈಕಲ್, ಯಾವ ಬಟ್ಟೆ?

ಮಗಳ ಹಳೆಯ ಲೇಡಿಬರ್ಡ್ ಮೂಲೆಯಲ್ಲಿದೆಯಾ? ಸಾಕು. ಸೈಕಲ್ ಶಾಪ್‌ನಲ್ಲಿ ಎರಡೂ ಬ್ರೇಕ್ ಬಿಗಿ ಮಾಡಿಸಿ, ಚೈನಿಗೆ ಎಣ್ಣೆ ಹಾಕಿಸಿ, ಟಯರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಮುಖ್ಯವಾದದ್ದು ಸೀಟಿನ ಎತ್ತರ. ನಮ್ಮ ಹೆಣ್ಣುಮಕ್ಕಳು ಬೀಳುವ ಭಯಕ್ಕೆ ಸೀಟನ್ನು ತೀರಾ ಕೆಳಗಿಟ್ಟುಕೊಂಡು, ಆಮೇಲೆ ಮಂಡಿ ನೋವು ಅನ್ನುತ್ತಾರೆ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆ ಎತ್ತರ ಸರಿ. ಒಂದು ಪಂಕ್ಚರ್ ಕಿಟ್, ಸಣ್ಣ ಪಂಪು ಜೊತೆಗಿರಲಿ. ಅದನ್ನು ಬಳಸುವುದನ್ನು ಮನೆಯಲ್ಲೇ ಒಮ್ಮೆ ಮಾಡಿ ಕಲಿಯಿರಿ, ಅರ್ಧ ಗಂಟೆಯ ಕೆಲಸ.

ಹೆಲ್ಮೆಟ್ ಇರಲಿ. ದುಪಟ್ಟಾ ಮನೆಯಲ್ಲೇ ಬಿಡಿ. ಬೇಕೇ ಬೇಕೆಂದರೆ ಸೊಂಟಕ್ಕೆ ಬಿಗಿದು ಕಟ್ಟಿ. ಚಕ್ರಕ್ಕೆ ಸಿಕ್ಕಿದ ದುಪಟ್ಟಾ ಕುತ್ತಿಗೆಗೇ ಬರುತ್ತೆ. ಪ್ಯಾಂಟ್ ಕೆಳಗೆ ಅಗಲವಿದ್ದರೆ ಒಂದು ರಬ್ಬರ್ ಬ್ಯಾಂಡ್ ಹಾಕಿ.

ಇನ್ನು ಮನೆಯ ಹಿರಿಯರ ಮಾತು. ‘ಈ ವಯಸ್ಸಲ್ಲಿ ಸೈಕಲ್ ಹೊಡೆದರೆ ಗರ್ಭಕೋಶ ಜಾರುತ್ತೆ ಕಣಮ್ಮಾ’. ಕೇಳಿದ್ದೀರಲ್ಲವೇ? ಆರೋಗ್ಯವಂತ ಹೆಂಗಸರಿಗೆ ಸೈಕಲ್‌ನಿಂದ ಹಾಗಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಓಡುವುದಕ್ಕೆ ಹೋಲಿಸಿದರೆ ಸೈಕಲ್‌ನಲ್ಲಿ ಮೈಗೆ ಕುಲುಕಾಟ ಕಡಿಮೆ. ಹೌದು, ಹೆರಿಗೆಯಾಗಿ ಸ್ವಲ್ಪವೇ ದಿನವಾಗಿದ್ದರೆ, ಆಪರೇಷನ್ ಆಗಿದ್ದರೆ, ಗರ್ಭಕೋಶದ ತೊಂದರೆ ಮೊದಲೇ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ. ಮೊದಲೆರಡು ದಿನ ಕೂರುವ ಜಾಗ ನೋಯುವುದು ಸಹಜ. ಮರಗಟ್ಟಿದ ಹಾಗಾದರೆ ಮಾತ್ರ ಸಹಿಸಿಕೊಳ್ಳಬೇಡಿ, ಸೀಟಿನ ಮೂತಿಯನ್ನು ಒಂಚೂರು ಕೆಳಕ್ಕೆ ಬಾಗಿಸಿ.

ಟಾಯ್ಲೆಟ್ ಭಯಕ್ಕೆ ನೀರೇ ಕುಡಿಯದವರು ಬಹಳ ಮಂದಿ. ಉರಿಮೂತ್ರ ಶುರುವಾಗುವುದೇ ಹೀಗೆ! ಪೆಟ್ರೋಲ್ ಬಂಕ್ ಎಲ್ಲೆಲ್ಲಿದೆ ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಿ. ಏನೂ ಇಲ್ಲದಿದ್ದರೆ ಹೆಂಗಸರು ಕೂತಿರುವ ಜಗುಲಿ ಹುಡುಕಿ, ‘ಅಕ್ಕಾ, ಸ್ವಲ್ಪ ಬಾತ್‌ರೂಮಿಗೆ ಹೋಗ್ಬೇಕಿತ್ತು’ ಅಂತ ಕೇಳಿ. ಇಲ್ಲ ಅನ್ನುವವರು ಕಡಿಮೆ. ಕಾಫಿ ಕುಡಿದೇ ಹೋಗಿ ಅನ್ನುವವರೇ ಹೆಚ್ಚು.

ಒಬ್ಬರೇ ಹೋಗಬಹುದೇ?

ಮೊದಮೊದಲು ಬೇಡ. ಇಬ್ಬರು ಅಥವಾ ಮೂವರು ಇದ್ದರೆ ಚೆನ್ನ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎನ್ನುವುದು ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ. ಫೋನ್ ಚಾರ್ಜ್ ಇರಲಿ, ತುರ್ತಿಗೆ 112 ನೆನಪಿರಲಿ. ಸಂಜೆಗಿಂತ ಬೆಳಗ್ಗೆ ವಾಸಿ: ಹಳ್ಳಿಯವರು ಹೊಲಕ್ಕೆ, ಡೇರಿಗೆ ಹೊರಡುವ ಹೊತ್ತು, ದಾರಿಯಲ್ಲಿ ಜನ ಇರುತ್ತಾರೆ.

ಮನೆಯವರನ್ನು ಒಪ್ಪಿಸುವುದು ಹೇಗೆ? ನಿಜ ಹೇಳಬೇಕೆಂದರೆ ದಾರಿಗಿಂತ ಕಷ್ಟದ ಏರು ಇದೇ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಶುರುವಿನಲ್ಲಿ ಅಕ್ಷರ ಕಲಿಸುವ ಆಂದೋಲನದ ಜೊತೆಗೇ ಹಳ್ಳಿ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಬೆಂಬಲಕ್ಕೆ ನಿಂತಿದ್ದರು. ಶುರುವಿನಲ್ಲಿ ಕೊಂಕು ಮಾತು ಕೇಳದೆ ಇರಲಿಲ್ಲ. ಕಲಿತವರು ತುಳಿಯುವುದನ್ನು ನಿಲ್ಲಿಸಲಿಲ್ಲ, ಆಡುವವರಿಗೇ ಬೇಸರವಾಯಿತು. ನಿಮ್ಮ ಮನೆಯಲ್ಲೂ ‘ಹೋಗಲಾ?’ ಎಂದು ಅನುಮತಿ ಕೇಳುವ ಬದಲು, ‘ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಬರ್ತೀನಿ, ಇಡ್ಲಿ ಹಿಟ್ಟು ಫ್ರಿಜ್‌ನಲ್ಲಿದೆ’ ಎಂದು ಹಿಂದಿನ ರಾತ್ರಿಯೇ ಹೇಳಿ ನೋಡಿ. ಒಂದು ದಿನ ಮಕ್ಕಳ ಟಿಫನ್ ಡಬ್ಬಿಯನ್ನು ಅವರಪ್ಪನೇ ಕಟ್ಟಲಿ. ಗಂಡನೂ ಬರುತ್ತೇನೆ ಅಂದರೆ ಬರಲಿ, ಆದರೆ ಸ್ಕೂಟರ್‌ನಲ್ಲಿ ಹಿಂದೆ ಹಿಂದೆ ಬರುವುದು ಬೇಡ, ಇನ್ನೊಂದು ಸೈಕಲ್ ತರಲಿ!

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಡಿಸೆಂಬರ್‌ನಲ್ಲಿ ಮಂಜು ದಟ್ಟವಾಗಿದ್ದರೆ ಏಳೂವರೆವರೆಗೆ ಕಾಯಿರಿ, ಸೈಕಲ್ ಹಿಂದೆ ಕೆಂಪು ಲೈಟ್ ಹಾಕಿಸಿ. ಮಂಡ್ಯ ದೂರ ಎನ್ನುವವರು ನಿಮ್ಮೂರಿನ ಹಾಲಿನ ಡೇರಿಯ ಹುಡುಗನನ್ನೋ, ಪೋಸ್ಟ್‌ಮ್ಯಾನ್‌ನನ್ನೋ ಕೇಳಿ. ಗಾಡಿ ಓಡಾಡದ ಒಳದಾರಿ ಯಾವುದು, ಯಾವ ಕೆರೆ ಏರಿ ಗಟ್ಟಿಯಾಗಿದೆ, ಯಾವ ಮನೆಯ ನಾಯಿ ಕಚ್ಚುತ್ತೆ, ಎಲ್ಲಾ ಅವರಿಗೆ ಗೊತ್ತಿರುತ್ತೆ.