ಕೇಪಿನ ಕೋವಿ: ತುಂಬಿದೆಯೋ, ಖಾಲಿಯೋ?

ಮಲೆನಾಡಿನಲ್ಲಿ, ಕೊಡಗಿನಲ್ಲಿ ಎಷ್ಟೋ ರೈತರ ಮನೆಯಲ್ಲಿ ಕೋವಿ ಇದೆ. ಗದ್ದೆಗೆ ಹಂದಿ ಬರುತ್ತದೆ. ತೋಟಕ್ಕೆ ಮಂಗ ಬರುತ್ತದೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಹಾಳಾಗುತ್ತದೆ. ಅದಕ್ಕೇ ರೈತರು ಕೋವಿ ಇಟ್ಟುಕೊಳ್ಳುತ್ತಾರೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯನ್ನೂ ಮಾಡುತ್ತಾರೆ.

ಆದರೆ ಬೆಳೆ ಕಾಯುವ ಕೋವಿ ಮನೆಯವರ ಜೀವ ತೆಗೆಯಬಾರದು. ಅದಕ್ಕೆ ಏನು ಮಾಡಬೇಕು? ತಿಳಿಯೋಣ ಬನ್ನಿ.

ಕೇಪಿನ ಕೋವಿ ಅಂದರೆ ಯಾವುದು?

ಕೋವಿಯಲ್ಲಿ ಹಲವು ಬಗೆ. ತೋಟಾ ಕೋವಿಯನ್ನು ಮಡಚಿ, ಹಿಂದಿನಿಂದ ತೋಟಾ ಹಾಕುತ್ತಾರೆ. ಕೇಪಿನ ಕೋವಿ ಹಳೆಯ ಕಾಲದ್ದು. ಅದಕ್ಕೆ ಬಾಯಿಯ ಕಡೆಯಿಂದಲೇ ಎಲ್ಲವನ್ನೂ ತುಂಬಬೇಕು. ಮೊದಲು ಮದ್ದು. ಇದನ್ನು ಕೆಲವರು ಮಸಿ ಅಂತಾರೆ. ಮೇಲೆ ತೆಂಗಿನ ನಾರು. ಆಮೇಲೆ ಚರೆ ಅಥವಾ ಗುಂಡು. ಮತ್ತೆ ನಾರು. ಇಷ್ಟನ್ನೂ ಗಜದಿಂದ ಒತ್ತಿ ಕೂರಿಸುತ್ತಾರೆ. ಕೊನೆಗೆ ನಳಿಗೆಯ ಹಿಂದೆ ಕೇಪು ಇಡುತ್ತಾರೆ. ಕುದುರೆ ಕೇಪಿನ ಮೇಲೆ ಬಡಿಯುತ್ತದೆ. ಕಿಡಿ ಹಾರಿ ಒಳಗಿನ ಮದ್ದು ಹತ್ತಿಕೊಳ್ಳುತ್ತದೆ. ಈಡು ಹಾರುತ್ತದೆ.

ಖಾಲಿ ಅನ್ನುವ ಮಾತು ನಂಬಬೇಡಿ

"ಅಣ್ಣಾ, ಕೋವೀಲಿ ಈಡು ಇದೆಯಾ?"

"ಇಲ್ಲ ಕಣೋ, ಮೊನ್ನೇನೇ ಹೊಡೆದಾಗಿದೆ."

ಇಂಥ ಮಾತು ನಂಬಿ ಕೈ ಹಾಕಿದವರು ಸತ್ತಿದ್ದಾರೆ. ತೋಟಾ ಕೋವಿಯನ್ನು ಮಡಚಿ ನೋಡಿದರೆ ತೋಟಾ ಇದೆಯೋ ಇಲ್ಲವೋ ಕಾಣುತ್ತದೆ. ಕೇಪಿನ ಕೋವಿಯನ್ನು ಹಾಗೆ ನೋಡಲು ಆಗಲ್ಲ. ಹೊರಗಿನಿಂದ ತುಂಬಿದ ಕೋವಿಯೂ ಒಂದೇ, ಖಾಲಿ ಕೋವಿಯೂ ಒಂದೇ. ಕೇಪು ತೆಗೆದರೂ ಮದ್ದು ಒಳಗೇ ಇರುತ್ತದೆ. ಎಷ್ಟೋ ದಿನ ಹಾಗೇ ಕೂತಿರುತ್ತದೆ.

ಆದ್ದರಿಂದ ಮೊದಲ ಪಾಠ ಇದು. ಪ್ರತಿಯೊಂದು ಕೋವಿಯೂ ತುಂಬಿದೆ ಎಂದೇ ತಿಳಿಯಿರಿ. ತಮಾಷೆಗೂ ಯಾರ ಕಡೆಗೂ ಅದರ ಬಾಯಿ ತಿರುಗಿಸಬೇಡಿ.

ತಿಳಿಯಲು ಒಂದು ಸುಲಭ ಉಪಾಯ ಇದೆ. ಕೋವಿ ಖಂಡಿತ ಖಾಲಿ ಇರುವಾಗ ಗಜವನ್ನು ತಳದವರೆಗೆ ಇಳಿಸಿ. ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆಯಿರಿ. ಮುಂದೆ ಅನುಮಾನ ಬಂದಾಗ ಮೊದಲು ಕೇಪು ತೆಗೆಯಿರಿ. ಮುಖವನ್ನು ಬಾಯಿಯಿಂದ ದೂರ ಇಟ್ಟು ಗಜ ಇಳಿಸಿ. ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡು ಇದೆ ಎಂದು ಅರ್ಥ.

ತುಂಬುವಾಗ ಎಚ್ಚರ

ಒಂದು ಈಡು ಹೊಡೆದ ಮೇಲೆ ನಳಿಗೆಯ ಒಳಗೆ ಸಣ್ಣ ಕೆಂಡ ಉಳಿದಿರಬಹುದು. ಆಗಲೇ ಮದ್ದು ಸುರಿದರೆ ಭಗ್ ಎಂದು ಹತ್ತಿಕೊಳ್ಳುತ್ತದೆ. ಕೈ, ಮುಖ ಸುಡುತ್ತದೆ. ಕಣ್ಣು ಹೋಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಬಿಡಿ. ಒದ್ದೆ ಬಟ್ಟೆಯನ್ನು ಗಜಕ್ಕೆ ಸುತ್ತಿ ನಳಿಗೆ ಒರೆಸಿ. ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಆಮೇಲೆ ತುಂಬಿ.

ಮದ್ದಿನ ಡಬ್ಬಿಯಿಂದ ನೇರವಾಗಿ ಸುರಿಯಬೇಡಿ. ಕಿಡಿ ತಾಗಿದರೆ ಇಡೀ ಡಬ್ಬಿ ಕೈಯಲ್ಲೇ ಸಿಡಿಯುತ್ತದೆ. ಅಳತೆಯ ಚಿಕ್ಕ ಪಾತ್ರೆಯಲ್ಲಿ ಹಾಕಿಕೊಂಡು ಸುರಿಯಿರಿ. ಹತ್ತಿರ ಬೀಡಿ, ಚಿಮಣಿ ದೀಪ, ಒಲೆ ಇರಬಾರದು. ತುಂಬುವಾಗ ತಲೆ, ಎದೆ ಬಾಯಿಯ ಮೇಲೆ ಬಾಗಬಾರದು. ಕೇಪು ಇಡುವುದು ಎಲ್ಲಕ್ಕಿಂತ ಕೊನೆಗೆ.

ನಳಿಗೆ ಯಾಕೆ ಸಿಡಿಯುತ್ತದೆ? ಮುಖ್ಯವಾಗಿ ನಾಲ್ಕು ಕಾರಣ.

1. ಈಡು ಇರುವುದು ಮರೆತು ಅದರ ಮೇಲೆ ಇನ್ನೊಂದು ಈಡು ತುಂಬುವುದು.
2. "ಜೋರಾಗಿ ಹಾರಲಿ" ಎಂದು ಮದ್ದು ಹೆಚ್ಚು ಹಾಕುವುದು.
3. ಗುಂಡು ತಳದವರೆಗೆ ಇಳಿಯದೆ ನಡುವೆ ನಿಲ್ಲುವುದು.
4. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವುದು. ಆ ಮದ್ದಿನ ಒತ್ತಡ ಬಹಳ ಹೆಚ್ಚು. ಹಳೆಯ ನಳಿಗೆ ಅದನ್ನು ತಡೆಯಲಾರದು.

ತುಕ್ಕು ಹಿಡಿದ ನಳಿಗೆಯೂ ಅಪಾಯ. ಸುಟ್ಟ ಮದ್ದಿನ ಮಸಿ ಮಳೆಗಾಲದ ತೇವ ಹೀರುತ್ತದೆ, ಕಬ್ಬಿಣ ತಿನ್ನುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ.

ಈಡು ಹಾರದಿದ್ದರೆ

ಕುದುರೆ ಬಡಿಯಿತು, ಶಬ್ದ ಇಲ್ಲ. ಆಗ ಕೋವಿ ತಿರುಗಿಸಿ ಬಾಯಿಯೊಳಗೆ ಇಣುಕಿ ನೋಡುವವರಿದ್ದಾರೆ. ಇದು ಸಾವಿಗೆ ದಾರಿ. ಮದ್ದು ತಡವಾಗಿಯೂ ಹತ್ತಿಕೊಳ್ಳಬಹುದು. ಜನ ಇಲ್ಲದ ಕಡೆ ಬಾಯಿ ಮಾಡಿ ಹಾಗೇ ಹಿಡಿದುಕೊಳ್ಳಿ. ಎರಡು ನಿಮಿಷ ಅಲುಗಬೇಡಿ. ಆಮೇಲೆ ಬೇರೆ ಕೇಪು ಇಟ್ಟು ನೋಡಿ. ಆಗಲೂ ಹಾರದಿದ್ದರೆ ಕೇಪು ತೆಗೆದು, ತಿಳಿದವರ ಕೈಯಿಂದ ಈಡು ತೆಗೆಸಿ.

ಕತ್ತಲಲ್ಲಿ ಕಾಣದೆ ಹೊಡೆಯಬೇಡಿ

ಸೊಪ್ಪು ಅಲುಗಿತು. ಹಂದಿ ಎಂದು ಈಡು ಹೊಡೆದರು. ಓಡಿ ಹೋಗಿ ನೋಡಿದರೆ ಬಿದ್ದದ್ದು ಜೊತೆಗೆ ಬಂದ ಗೆಳೆಯ! ಇಂಥ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡು ಸಂಸಾರ ಬೀದಿಗೆ ಬೀಳುತ್ತದೆ. ಸತ್ತವರದ್ದೊಂದು, ಜೈಲಿಗೆ ಹೋದವರದ್ದೊಂದು.

ಶಬ್ದ ಕೇಳಿ ಹೊಡೆಯಬೇಡಿ. ನೆರಳು ನೋಡಿ ಹೊಡೆಯಬೇಡಿ. ಕಾವಲಿಗೆ ಹೋದವರು ಯಾರು ಎಲ್ಲಿ ಕೂರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಜಾಗ ಬಿಟ್ಟು ಏಳುವ ಮುಂಚೆ ಕೂಗಿ ಹೇಳಿ. ಬೇಲಿ ದಾಟುವಾಗ, ಮರ ಹತ್ತುವಾಗ ಕೇಪು ತೆಗೆಯಿರಿ. ಕುಡಿದವರ ಕೈಗೆ ಕೋವಿ ಕೊಡಬೇಡಿ. ಪ್ರಾಣಿ ಬೆದರಿಸಲು ಮದ್ದಿನ ಶಬ್ದವೇ ಸಾಕು, ಗುಂಡು ಬೇಡ. ಆದರೆ ಬರೀ ಮದ್ದಿನ ಈಡಿನಿಂದಲೂ ಹತ್ತಿರ ಇದ್ದವರಿಗೆ ಗಾಯ ಆಗುತ್ತದೆ.

ಮನೆಯಲ್ಲಿ

ತುಂಬಿದ ಕೋವಿ ಮನೆಯೊಳಗೆ ತರಬೇಡಿ. ಮಕ್ಕಳಿಗೆ ಸಿಗದ ಹಾಗೆ ಬೀಗ ಹಾಕಿ ಇಡಿ. ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ ಇರಲಿ. ಅಡುಗೆಮನೆಯ ಅಟ್ಟದಲ್ಲಿ ಮದ್ದು ಇಡಬೇಡಿ.

ಗಾಯವಾದರೆ

ಒಗೆದ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಚರೆ ಕೀಳಲು ಹೋಗಬೇಡಿ. ಸುಟ್ಟಿದ್ದರೆ 20 ನಿಮಿಷ ತಣ್ಣೀರು ಸುರಿಯಿರಿ. ಮಣ್ಣು, ಸೊಪ್ಪು ಹಚ್ಚಬೇಡಿ. ಕಣ್ಣು ಉಜ್ಜಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಪೊಲೀಸರಿಗೆ ಹೆದರಿ ಗಾಯ ಮುಚ್ಚಿಟ್ಟರೆ ಜೀವ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯ್ದೆಯ ಪ್ರಕಾರ ಕೋವಿಗೆ ಲೈಸೆನ್ಸ್ ಬೇಕು. ಬೆಳೆ ರಕ್ಷಣೆಗೆ ಕೇಪಿನ ಕೋವಿಯ ಲೈಸೆನ್ಸ್ ಕೇಳಬಹುದು. ಕೊಡವರಿಗೆ ಮತ್ತು ಜಮ್ಮಾ ಭೂಮಿ ಇರುವವರಿಗೆ ವಿನಾಯಿತಿ ಇದೆ. ಮದುವೆ, ಹಬ್ಬದಲ್ಲಿ ಬೇರೆಯವರಿಗೆ ಅಪಾಯ ಆಗುವ ಹಾಗೆ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಿ.

ಹೋದ ಬೆಳೆ ಮುಂದಿನ ವರ್ಷ ಬರುತ್ತದೆ. ಹೋದ ಜೀವ ಬರುವುದಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ನಿಮ್ಮ ಮನೆಯ ಗಜಕ್ಕೆ ಗೆರೆ ಇದೆಯಾ? ಇವತ್ತೇ ನೋಡಿ.