'ಗೆಟ್ ಡೌನ್' ಎಂದರೆ ಇಳಿಯಬೇಕೋ, ಬಗ್ಗಬೇಕೋ?

ಆನೆಗೊಂದಿಯ ಬಳಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುವ ರೂಢಿ ಬಹಳ ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ಈ ದೋಣಿಗಳು ನೆಟ್ಟಗೆ ಸಾಗದೆ ಸದಾ ತಿರುಗುತ್ತಿರುತ್ತವೆ ಎಂದು ಬರೆದಿಟ್ಟಿದ್ದಾನೆ. ಹಂಪಿ ನೋಡಲು ಬರುವ ಹೊರದೇಶದವರಿಗೆ ಇಂದಿಗೂ ಹರಿಗೋಲೆಂದರೆ ಬೆರಗು.

ಅಂಥ ಒಂದು ಹರಿಗೋಲು ದಡ ಮುಟ್ಟಿದಾಗ ಅಂಬಿಗ 'ಗೆಟ್ ಡೌನ್' ಎಂದನೆನ್ನಿ. ಬಸ್ಸಿನ ಕಂಡಕ್ಟರಿನಿಂದ ಕಾಲೇಜಿನ ಮೇಷ್ಟರವರೆಗೆ ನಮ್ಮವರು ಇಳಿಯುವುದಕ್ಕೆ ಬಳಸುವ ಮಾತು ಅದೇ. ಆದರೆ ಲಂಡನ್ನಿನಿಂದ ಬಂದವನಿಗೆ, ಅದರಲ್ಲೂ ದೋಣಿಯಲ್ಲಿ ಕುಳಿತಾಗ ಕೂಗಿ ಹೇಳಿದರೆ, ಅದು 'ತಲೆ ತಗ್ಗಿಸು, ಬಗ್ಗು' ಎಂದು ಕೇಳಿಸಬಹುದು. ದೋಣಿಯಿಂದ ಇಳಿಯುವುದಕ್ಕೆ ಅವನು ಆಡುವ ಮಾತು 'ಗೆಟ್ ಔಟ್'. ಅದು ನಮ್ಮ ಕಿವಿಗೆ ಬೈಗುಳ!

ಹೀಗೆ ಕ್ರಿಯಾಪದಕ್ಕೆ ಅಪ್, ಡೌನ್, ಔಟ್, ಆನ್ ಎಂಬ ಪುಟ್ಟ ಬಾಲ ಅಂಟಿಸಿ ಅರ್ಥವನ್ನೇ ತಿರುಗಿಸುವ ಬಗೆಗೆ ಇಂಗ್ಲಿಷಿನಲ್ಲಿ 'ಫ್ರೇಸಲ್ ವರ್ಬ್' ಎಂದು ಹೆಸರು. ಹೆಸರು ಈಚಿನದು, ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಅದನ್ನು ಬಳಕೆಗೆ ತಂದ. ತೊಡಕು ಮಾತ್ರ ಹಳೆಯದು. 1755ರಲ್ಲಿ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷೆಯವರಿಗೆ ಅತಿ ಕಷ್ಟವಾಗುವುದು ಇದೇ ಎಂದು ಮುನ್ನುಡಿಯಲ್ಲೇ ಹೇಳಿದ್ದ.

ಶಾಲೆಗಳಲ್ಲಿ ಇದನ್ನು ಕಲಿಸುವ ಸಾಮಾನ್ಯ ವಿಧಾನ ಪಟ್ಟಿ ಮಾಡಿ ಬಾಯಿಪಾಠ ಹಾಕಿಸುವುದು. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. 'ಗಿವ್ ಅಪ್' ಎಂದರೆ ಬಿಟ್ಟುಬಿಡು. ಕೊಡುವುದಕ್ಕೂ ಬಿಡುವುದಕ್ಕೂ ಏನು ನಂಟೆಂದು ಗಂಗಾವತಿ ಕಡೆಯ ಹುಡುಗ ಕಂಗಾಲಾದರೆ ತಪ್ಪು ಅವನದಲ್ಲ. ಇಂಗ್ಲಿಷ್ ತನಗೆ ಒಲಿಯದ ವಿದ್ಯೆ ಎಂದು ಹೈಸ್ಕೂಲಿನಲ್ಲೇ ಕೈಚೆಲ್ಲುವವರು ಕಡಿಮೆಯೇನಿಲ್ಲ. ಆದರೆ ಇಂಥದೇ ಚಮತ್ಕಾರವನ್ನು ಆ ಹುಡುಗ ಬೆಳಗಿನಿಂದ ಸಂಜೆಯವರೆಗೆ ತನ್ನ ಮಾತಿನಲ್ಲಿ ಮಾಡುತ್ತಲೇ ಇರುತ್ತಾನೆ ಎಂದು ಅವನಿಗೆ ತೋರಿಸಿಕೊಡುವವರು ವಿರಳ.

'ಕೊಡ ಒಡದ್ಹೋತು' ಎನ್ನುತ್ತಾಳೆ ಅವನ ಅವ್ವ. ಒಡೆದ ಕೊಡ ಎಲ್ಲಿಗೂ ಹೋಗಿಲ್ಲ, ಚೂರಾಗಿ ಕಾಲ ಬುಡದಲ್ಲೇ ಬಿದ್ದಿದೆ. 'ರೊಟ್ಟಿ ತಿಂದುಬಿಟ್ಟ' ಎಂದರೆ ಅವನು ರೊಟ್ಟಿಯನ್ನು ಬಿಟ್ಟಿಲ್ಲ. ಒಂದು ತುಣುಕೂ ಬಿಟ್ಟಿಲ್ಲ. ಹೋಗು, ಬಿಡು ಎಂಬ ಪದಗಳು ಇಲ್ಲಿ ಸ್ವಂತ ಅರ್ಥ ಕಳೆದುಕೊಂಡು, ಕೆಲಸ ಪೂರ್ತಿ ಮುಗಿಯಿತು ಎಂಬುದರ ಗುರುತಾಗಿ ಉಳಿದಿವೆ. 'ಈಟ್ ಅಪ್' ಎಂಬಲ್ಲಿನ 'ಅಪ್' ಕೂಡ ಮೇಲೆ ನೋಡುವುದಿಲ್ಲ. ಅದು ನಮ್ಮ 'ಬಿಡು'ವಿನ ದೂರದ ನೆಂಟ. 'ಚೀಲ ನೋಡು' ಬೇರೆ, 'ಚೀಲ ನೋಡಿಕೋ' ಬೇರೆ. 'ಲುಕ್ ಅಟ್', 'ಲುಕ್ ಆಫ್ಟರ್' ಇವುಗಳ ನಡುವಣ ಅಂತರವೂ ಅಷ್ಟೆ. ಹರಿಗೋಲು ವಾಲಿದಾಗ ಹೇಳುವ 'ಗಟ್ಟಿ ಹಿಡ್ಕೋರಿ' ಇಂಗ್ಲಿಷಿನಲ್ಲಿ 'ಹೋಲ್ಡ್ ಆನ್'.

ಇಂಗ್ಲಿಷ್ ದಿಕ್ಕು ಸೂಚಿಸುವ ಪದವನ್ನು ಬಾಲ ಮಾಡಿಕೊಂಡರೆ ಕನ್ನಡ ಇನ್ನೊಂದು ಕ್ರಿಯಾಪದವನ್ನೇ ಬಾಲ ಮಾಡಿಕೊಂಡಿದೆ. ಹಾಗಾಗಿ ನಮ್ಮ ಬಾಲಕ್ಕೆ ಕಸುವು ಕೊಂಚ ಹೆಚ್ಚು ಎಂದರೆ ಅಭಿಮಾನದ ಮಾತಲ್ಲ. 'ರೈಟ್ ಡೌನ್' ಎಂದಾಗ ಬರೆಯುವುದು ಯಾರ ಸಲುವಾಗಿ ಎಂಬುದು ತಿಳಿಯದು. 'ಬರೆದುಕೋ' ಎಂದರೆ ನಿನಗಾಗಿ, 'ಬರೆದುಕೊಡು' ಎಂದರೆ ಬೇರೆಯವರಿಗಾಗಿ. ಒಂದೇ 'ಗಿವ್ ಅಪ್', ಬೀಡಿಯ ವಿಷಯದಲ್ಲಿ 'ಬಿಟ್ಟುಬಿಡು' ಆಗುತ್ತದೆ, ಬಸ್ಸಿನ ಸೀಟಿನ ವಿಷಯದಲ್ಲಿ 'ಬಿಟ್ಟುಕೊಡು' ಆಗುತ್ತದೆ. 'ಮಳೆ ಬಂತು' ಬರಿಯ ಸುದ್ದಿ. 'ಮಳೆ ಬಂದುಬಿಟ್ಟಿತು' ಎಂದಾಗ ಕಣದಲ್ಲಿ ಜೋಳ ಹರವಿದವನ ಸಂಕಟವೂ ಸೇರುತ್ತದೆ.

ಹೋಲಿಕೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಬಾಲ ಕಳಚಿ ದೂರ ನಿಲ್ಲಬಲ್ಲದು. 'ಪುಟ್ ಡೌನ್ ದಿ ಬ್ಯಾಗ್' ಎನ್ನಬಹುದು, 'ಪುಟ್ ದಿ ಬ್ಯಾಗ್ ಡೌನ್' ಎಂದೂ ಅನ್ನಬಹುದು. ಆದರೆ ಚೀಲದ ಬದಲು 'ಇಟ್' ಬಂದರೆ ಅದು ನಡುವೆಯೇ ನಿಲ್ಲಬೇಕು: 'ಪುಟ್ ಇಟ್ ಡೌನ್'. ಹಾಗೆಂದು 'ಲುಕ್ ಆಫ್ಟರ್' ಒಡೆಯುವಂತಿಲ್ಲ. 'ಲುಕ್ ಆಫ್ಟರ್ ಇಟ್' ಎಂದೇ ಹೇಳಬೇಕು. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ಕನ್ನಡದ ಜೋಡಿಯ ನಡುವೆ ಚೀಲ ನುಸುಳಲಾರದು. ಬಹಳವೆಂದರೆ 'ಬಂದೇಬಿಟ್ಟ' ಎಂಬಲ್ಲಿನಂತೆ ಒಂದು 'ಏ' ನುಸುಳೀತು. ಇನ್ನೊಂದು ಸೂಕ್ಷ್ಮ: 'ತಿಂದುಬಿಟ್ಟ' ಸರಿ, 'ತಿಂದುಬಿಡಲಿಲ್ಲ' ಎಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಇಂಗ್ಲಿಷಿಗೆ ಅಂಥ ಮಡಿವಂತಿಕೆ ಇಲ್ಲ.

ಈ ನಡುವೆ ಇಂಗ್ಲಿಷಿನ ಜೋಡಿಗಳು ವ್ಯಾಕರಣದ ಹಂಗಿಲ್ಲದೆ ಹಳ್ಳಿಗೂ ಬಂದಿವೆ. ಬಸ್ಸು 'ಬ್ರೇಕ್‌ಡೌನ್' ಆಗುತ್ತದೆ, ಆಸ್ಪತ್ರೆಯಲ್ಲಿ 'ಚೆಕಪ್' ಮಾಡಿಸುತ್ತಾರೆ, ನಾಟಕದವರು 'ಮೇಕಪ್' ಬಳಿಯುತ್ತಾರೆ, ಏರು ಹತ್ತದ ಗಾಡಿಗೆ 'ಪಿಕಪ್' ಇಲ್ಲ. ಕನ್ನಡ ಇವನ್ನು ನಾಮಪದ ಮಾಡಿ, ಮಾಡು, ಆಗು ಎಂಬ ಊರುಗೋಲು ಕೊಟ್ಟು ನಡೆಸುತ್ತದೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. 'ಗಂಗಾವತಿ ಬಸ್‌ಸ್ಟ್ಯಾಂಡಿನ್ಯಾಗ ಮಾವನ್ನ ಪಿಕಪ್ ಮಾಡ್ಕೊಂಡು ಬಾ' ಎಂಬ ಮಾತಿನಲ್ಲಿ ಇಂಗ್ಲಿಷಿನ ಬಾಲದ ಮೇಲೆ ಕನ್ನಡದ್ದೇ ಆದ 'ಕೊಳ್ಳು' ಎಂಬ ಬಾಲವೂ ಕೂತಿದೆ.